ಮೂರು ಟನ್ ತಿಪ್ಪೆಗೆ ಮೂರೂವರೆ ಟನ್ ಗಾಳಿ: ಬಿಸಿ ಕಾಂಪೋಸ್ಟ್‌ನ ಲೆಕ್ಕಪತ್ರ

ಕಬ್ಬು ಕಡಿದ ಗದ್ದೆಯಲ್ಲಿ ಉಳಿಯುವ ಒಂದು ಟನ್ ಒಣ ತರಗು, ಒಂದು ಟನ್ ಹಸಿ ಸಗಣಿ, ಒಂದು ಟನ್ ಗ್ಲಿರಿಸಿಡಿಯಾ ಸೊಪ್ಪು. ಈ ಮೂರನ್ನೂ ಬೆರೆಸಿ ರಾಶಿ ಹಾಕಿದರೆ ಎರಡು ಮೂರು ದಿನದೊಳಗೆ ಅದರ ಒಡಲು 60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಗೊಬ್ಬರವಾಗಿ ಕೈಗೆ ಬರುವಾಗ ಉಳಿಯುವುದು ಸುಮಾರು ಒಂದು ಟನ್. ಅಷ್ಟರೊಳಗೆ ಆ ರಾಶಿ ಮೂರೂವರೆ ಟನ್ ಗಾಳಿಯಲ್ಲಿರುವಷ್ಟು ಆಮ್ಲಜನಕವನ್ನು ಉಸಿರಾಡಿರುತ್ತದೆ, 1,100 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತದೆ. 17 ಅಡುಗೆ ಅನಿಲ ಸಿಲಿಂಡರ್ ಉರಿಸಿದಷ್ಟು ಶಾಖ ಹುಟ್ಟಿಸಿರುತ್ತದೆ. ಕೂಲಿ ಕೊಟ್ಟು ಮಾಡಿಸಿದರೆ ಖರ್ಚು 7,060 ರೂಪಾಯಿ. ಗೊಬ್ಬರದಲ್ಲಿರುವ ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು ಅಂಗಡಿ ಗೊಬ್ಬರದ ದರದಲ್ಲಿ ತೂಗಿದರೆ ಬರುವ ಬೆಲೆ 1,090 ರೂಪಾಯಿ.

7,060 ಎಲ್ಲಿ, 1,090 ಎಲ್ಲಿ? ಮಂಡ್ಯದಿಂದ ಬೆಳಗಾವಿಯವರೆಗೆ ತರಗಿಗೆ ಬೆಂಕಿ ಬೀಳುವುದು ಈ ಅಂತರದಿಂದಲೇ. ರೈತನಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣ ಮಾಡುವ ಮುನ್ನ ಈ ಲೆಕ್ಕವನ್ನು ಬಿಡಿಸಿ ನೋಡಬೇಕು. ಯಾವ ಖರ್ಚು ಸೂಕ್ಷ್ಮಜೀವಿಗಳಿಗೆ ನಿಜವಾಗಿ ಬೇಕು, ಯಾವುದು ಬೇಡ ಎಂದು ಗೊತ್ತಾದರೆ ಅಂತರ ಸಾಕಷ್ಟು ಕಿರಿದಾಗುತ್ತದೆ.

ಲೆಕ್ಕದ ಬುನಾದಿ

ತರಗಿನಲ್ಲಿ (ಉತ್ತರ ಕರ್ನಾಟಕದ ರವದಿ) ತೇವಾಂಶ ಶೇ 10, ಸಗಣಿಯಲ್ಲಿ ಶೇ 80, ಸೊಪ್ಪಿನಲ್ಲಿ ಶೇ 75 ಎಂದು ಹಿಡಿದಿದೆ. ಸಾರಜನಕ ಒಣ ತೂಕದ ಮೇಲೆ ಕ್ರಮವಾಗಿ ಶೇ 0.4, 1.8 ಮತ್ತು 3. ತರಗು ಮತ್ತು ಸೊಪ್ಪಿನಲ್ಲಿ ಇಂಗಾಲ ಶೇ 45, ಸಗಣಿಯಲ್ಲಿ ಶೇ 40. ತಳಿ, ಮಣ್ಣು, ದನದ ಮೇವು ಬದಲಾದಂತೆ ಇವು ಹೆಚ್ಚುಕಡಿಮೆ ಆಗುತ್ತವೆ. ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

- ತರಗು 1,000 ಕೆ.ಜಿ.: ಒಣ ತೂಕ 900, ಇಂಗಾಲ 405, ಸಾರಜನಕ 3.6 ಕೆ.ಜಿ. ಅನುಪಾತ 112:1
- ಸಗಣಿ 1,000 ಕೆ.ಜಿ.: ಒಣ ತೂಕ 200, ಇಂಗಾಲ 80, ಸಾರಜನಕ 3.6 ಕೆ.ಜಿ. ಅನುಪಾತ 22:1
- ಸೊಪ್ಪು 1,000 ಕೆ.ಜಿ.: ಒಣ ತೂಕ 250, ಇಂಗಾಲ 112, ಸಾರಜನಕ 7.5 ಕೆ.ಜಿ. ಅನುಪಾತ 15:1
- ಒಟ್ಟು 3,000 ಕೆ.ಜಿ.: ಒಣ ತೂಕ 1,350, ಇಂಗಾಲ 597, ಸಾರಜನಕ 14.7 ಕೆ.ಜಿ. ಅನುಪಾತ 41:1

ಕಾಂಪೋಸ್ಟ್‌ಗೆ ಇಂಗಾಲ–ಸಾರಜನಕ ಅನುಪಾತ 30:1ರ ಆಸುಪಾಸಿನಲ್ಲಿ ಇರಬೇಕು ಎನ್ನುವುದು ಎಲ್ಲರೂ ಕೇಳಿದ ಮಾತು. ಅದು ಬಂದದ್ದು ಜೀವಿಗಳ ಹೊಟ್ಟೆಯ ಲೆಕ್ಕದಿಂದ. ಸೂಕ್ಷ್ಮಜೀವಿಯ ಮೈಯಲ್ಲಿ ಒಂದು ಪಾಲು ಸಾರಜನಕಕ್ಕೆ ಎಂಟು ಹತ್ತು ಪಾಲು ಇಂಗಾಲ ಇರುತ್ತದೆ. ಮೈ ಕಟ್ಟಿಕೊಳ್ಳುವ ಪ್ರತಿ ಹತ್ತು ಪಾಲು ಇಂಗಾಲಕ್ಕೆ ಇನ್ನಿಪ್ಪತ್ತು ಪಾಲನ್ನು ಅದು ಶಕ್ತಿಗಾಗಿ ಸುಟ್ಟು ಉಸಿರಿನಲ್ಲಿ ಬಿಡುತ್ತದೆ. ಹತ್ತು ಮೈಗೆ, ಇಪ್ಪತ್ತು ಉಸಿರಿಗೆ, ಜೊತೆಗೆ ಒಂದು ಸಾರಜನಕ: ಇದೇ 30:1. ತರಗೊಂದನ್ನೇ ಗುಡ್ಡೆ ಹಾಕಿದರೆ ವರ್ಷವಾದರೂ ಕೊಳೆಯದೆ ಬಿದ್ದಿರುವುದು ಏಕೆಂದರೆ ಅಲ್ಲಿ 112 ಪಾಲಿಗೆ ಒಂದೇ ಪಾಲು ಸಾರಜನಕ. ಸಾರಜನಕ ಅತಿಯಾದರೂ ಕಷ್ಟವೇ. ಅನುಪಾತ 20:1ಕ್ಕೆ ಇಳಿದರೆ ಮಿಕ್ಕಿದ್ದು ಅಮೋನಿಯಾ ಆಗಿ ಹಾರಿಹೋಗುತ್ತದೆ. ರಾಶಿಯ ಹತ್ತಿರ ಹೋದವರ ಕಣ್ಣು ಉರಿಯುತ್ತದೆ.

ನಮ್ಮ ಮಿಶ್ರಣ 41ರಲ್ಲಿದೆ. 10 ಕೆ.ಜಿ. ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿದರೆ 4.6 ಕೆ.ಜಿ. ಸಾರಜನಕ ಸೇರಿ ಅನುಪಾತ 31ಕ್ಕೆ ಬರುತ್ತದೆ. 45 ಕೆ.ಜಿ. ಚೀಲಕ್ಕೆ 266 ರೂ. 50 ಪೈಸೆಯಂತೆ ಇದರ ಖರ್ಚು 60 ರೂಪಾಯಿ. ಯೂರಿಯಾ ಮುಟ್ಟದ ಸಾವಯವ ರೈತರು 200 ಕೆ.ಜಿ. ಕೋಳಿ ಗೊಬ್ಬರ ಬೆರೆಸಿ 34ರವರೆಗೆ ತರಬಹುದು. ಅಷ್ಟಾದರೂ ರಾಶಿ ಚೆನ್ನಾಗಿ ಕಾಯುತ್ತದೆ.

ನೀರು: ಮೊದಲ ದಿನ ಸಾಕು, ಎರಡನೇ ವಾರ ಸಾಲದು

ಮೂರು ಟನ್‌ನಲ್ಲಿ ನೀರು 1,650 ಕೆ.ಜಿ., ಅಂದರೆ ಶೇ 55. ಸೂಕ್ಷ್ಮಜೀವಿಗಳಿಗೆ ಬೇಕಾದ್ದು ಶೇ 50ರಿಂದ 60. ಲೆಕ್ಕದ ಪ್ರಕಾರ ಹೊರಗಿನಿಂದ ಒಂದು ಕೊಡ ನೀರೂ ಬೇಡ. ಆದರೆ ಆ ನೀರೆಲ್ಲ ಸಗಣಿ ಮತ್ತು ಸೊಪ್ಪಿನಲ್ಲಿದೆ, ತರಗು ಒಣಗಿಯೇ ಇದೆ. ಹಾಗಾಗಿ ಸಗಣಿಯನ್ನು ಬಗ್ಗಡ ಮಾಡಿ ತರಗಿಗೆ ಹಿಡಿಯುವಂತೆ ಎರಚಬೇಕು, ಸೊಪ್ಪನ್ನು ಪದರಪದರವಾಗಿ ಇಡುವ ಬದಲು ಬೆರೆಸಬೇಕು.

ಕಷ್ಟ ಆಮೇಲೆ ಬರುತ್ತದೆ. ಇಂಗಾಲದ ಅರ್ಧ, ಅಂದರೆ 300 ಕೆ.ಜಿ., ಉಸಿರಾಗಿ ಹೋಗುತ್ತದೆ. ಅದಕ್ಕೆ 800 ಕೆ.ಜಿ. ಆಮ್ಲಜನಕ ಬೇಕು. ಪ್ರತಿ ಕೆ.ಜಿ. ಆಮ್ಲಜನಕ ಬಳಕೆಯಾದಾಗ ಹುಟ್ಟುವ ಶಾಖ ಸುಮಾರು 14 ಮೆಗಾಜೂಲ್. ಒಟ್ಟು 11,200 ಮೆಗಾಜೂಲ್. ವಿದ್ಯುತ್ ಲೆಕ್ಕದಲ್ಲಿ 3,100 ಯೂನಿಟ್. ಇಡೀ ರಾಶಿಯನ್ನು 28 ಡಿಗ್ರಿಯಿಂದ 60ಕ್ಕೆ ಏರಿಸಲು ಬೇಕಾದ ಶಾಖ 285 ಮೆಗಾಜೂಲ್ ಮಾತ್ರ, ಶೇ 3ಕ್ಕೂ ಕಡಿಮೆ. ಉಳಿದದ್ದರಲ್ಲಿ ದೊಡ್ಡ ಪಾಲು ನೀರನ್ನು ಹಬೆ ಮಾಡುತ್ತದೆ. ಅರ್ಧ ಶಾಖ ಹಬೆಗೆ ಹೋದರೂ ಆರಿಹೋಗುವ ನೀರು 2,300 ಲೀಟರ್. ರಾಶಿ ಮೊದಲ ದಿನ ಹೊತ್ತಿದ್ದ ನೀರಿಗಿಂತ ಹೆಚ್ಚು. ಕೊಳೆಯುವಿಕೆಯಲ್ಲೇ ಹುಟ್ಟುವ ಸುಮಾರು 400 ಲೀಟರ್ ನೀರನ್ನು ಕಳೆದರೂ 600 ಲೀಟರ್ ಹೊರಗಿನಿಂದ ಕೊಡಲೇಬೇಕು. ಬೇಸಿಗೆಯ ಬಿಸಿಗಾಳಿಗೆ ಅದು 1,400 ಲೀಟರ್‌ವರೆಗೂ ಹೋದೀತು.

ತಿಪ್ಪೆ ಬಿಸಿಯಾಗುವುದು ಸುಲಭ, ಬಿಸಿ ಉಳಿಯುವುದು ಕಷ್ಟ ಎಂಬ ಅನುಭವದ ಮಾತಿಗೆ ಈ ಅಂಕಿಗಳೇ ಕಾರಣ. ಎಂಟನೇ ದಿನ ಶಾಖ ಇಳಿದರೆ ಕೆಲಸ ಮುಗಿಯಿತೆಂದು ಬಗೆಯಬಾರದು. ಹೆಚ್ಚಾಗಿ ರಾಶಿ ಒಣಗಿರುತ್ತದೆ. ಒಳಗಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು. ಕಾಣದಿದ್ದರೆ ನೀರು ಬೇಕು. ಧಾರೆಯಾಗಿ ಸುರಿದರೆ ಗಾಳಿಯ ಜಾಗವನ್ನೆಲ್ಲ ನೀರು ತುಂಬಿದೆ ಎಂದರ್ಥ.

ಗಾಳಿ: ಮಗುಚುವುದರಿಂದ ಸಿಗುವುದೆಷ್ಟು?

ಈ ಲೆಕ್ಕಪತ್ರದಲ್ಲಿ ಅತಿ ದೊಡ್ಡ ಸಂಖ್ಯೆ ಗಾಳಿಯದು. 800 ಕೆ.ಜಿ. ಆಮ್ಲಜನಕಕ್ಕೆ ಸುಮಾರು 3,500 ಕೆ.ಜಿ. ಗಾಳಿ, ಅಂದರೆ 3,000 ಘನ ಮೀಟರ್ ಬೇಕು. ಅದೂ ಒಳಗೆ ಬಂದ ಆಮ್ಲಜನಕವೆಲ್ಲ ಪೂರ್ತಿ ಬಳಕೆಯಾದರೆ. ನಮ್ಮ ರಾಶಿಯ ಅಳತೆ 2 ಮೀಟರ್ ಅಗಲ, 1.5 ಮೀಟರ್ ಎತ್ತರ, 3.3 ಮೀಟರ್ ಉದ್ದ. ಒಟ್ಟು 10 ಘನ ಮೀಟರ್. ಅದು ತನ್ನ ಗಾತ್ರದ 300 ಪಟ್ಟು ಗಾಳಿಯನ್ನು ಒಳಗೆಳೆದುಕೊಳ್ಳಬೇಕು.

ಒಮ್ಮೆ ಮಗುಚಿದರೆ ಎಷ್ಟು ಗಾಳಿ ಸೇರುತ್ತದೆ? ರಾಶಿಯಲ್ಲಿ ಖಾಲಿ ಜಾಗ ಶೇ 40 ಎಂದುಕೊಂಡರೆ 4 ಘನ ಮೀಟರ್ ಗಾಳಿ. ಅದರಲ್ಲಿ ಆಮ್ಲಜನಕ 1.1 ಕೆ.ಜಿ. ಒಟ್ಟು ಬೇಕಾದದ್ದರ ಅರ್ಧ ಮೊದಲ 15 ದಿನದಲ್ಲೇ ಖರ್ಚಾಗುತ್ತದೆ ಎಂದರೆ ದಿನಕ್ಕೆ 27 ಕೆ.ಜಿ., ಗಂಟೆಗೆ 1.1 ಕೆ.ಜಿ. ಒಂದು ಆಳು ದಿನವಿಡೀ ಬೆವರು ಸುರಿಸಿ ಒಳಗೆ ಸೇರಿಸಿದ ಆಮ್ಲಜನಕ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಐದು ಸಲ ಮಗುಚಿದರೂ ಆ ದಾರಿಯಲ್ಲಿ ಸಿಗುವುದು ಐದೂವರೆ ಕೆ.ಜಿ.; ಬೇಕಾದದ್ದು 800.

ಉಳಿದ ಗಾಳಿ ತಾನಾಗಿಯೇ ಬರುತ್ತದೆ. ಒಡಲು ಕಾದಾಗ ಒಳಗಿನ ಹಬೆಗಾಳಿ ಹಗುರಾಗಿ ಮೇಲೇರುತ್ತದೆ, ಬದಿಯಿಂದ ಬುಡದಿಂದ ತಂಪು ಗಾಳಿ ನುಗ್ಗುತ್ತದೆ. ಈ ಸೆಳೆತ ಹಗಲುರಾತ್ರಿ ನಡೆಯಬೇಕಾದರೆ ರಾಶಿಯೊಳಗೆ ದಾರಿ ತೆರೆದಿರಬೇಕು. ಮಗುಚುವುದರ ನಿಜವಾದ ಫಲ ಇಲ್ಲಿದೆ: ಕುಸಿದು ಒತ್ತಾದ ರಾಶಿಯನ್ನು ಮತ್ತೆ ಸಡಿಲ ಮಾಡುವುದು, ಒಣಗಿದ ಕಡೆ ನೀರು ಸೇರಿಸುವುದು, ಹೊರಗಿದ್ದದ್ದನ್ನು ಒಳಗೆ ಹಾಕುವುದು. ಮೊದಲನೆಯದಕ್ಕೆ ಅಗ್ಗದ ದಾರಿ ಇದೆ. ಬುಡದಲ್ಲಿ ಒಂದಡಿ ದಪ್ಪಕ್ಕೆ ತೊಗರಿ ಕಟ್ಟಿಗೆ, ಜೋಳದ ದಂಟು, ಕಬ್ಬಿನ ಕೂಳೆಯಂಥ ಗಟ್ಟಿ ಸಾಮಗ್ರಿ ಹಾಸಿ, ಮೀಟರಿಗೊಂದರಂತೆ ದಂಟಿನ ಕಟ್ಟುಗಳನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ರಾಶಿ ಹಾಕಿದರೆ ಗಾಳಿಯ ದಾರಿ ಬಹುಕಾಲ ಮುಚ್ಚುವುದಿಲ್ಲ. ತರಗನ್ನು ಯಂತ್ರದಲ್ಲಿ ತೀರಾ ಪುಡಿ ಮಾಡಿದರೆ ಈ ದಾರಿಯೇ ಕಟ್ಟಿಹೋಗುತ್ತದೆ. ಗೇಣುದ್ದದ ತುಂಡು ಸಾಕು. ರಾಶಿಯೊಳಗಿನ ಗಾಳಿಯಲ್ಲಿ ಆಮ್ಲಜನಕ ಶೇ 5ಕ್ಕಿಂತ ಕೆಳಗಿಳಿದರೆ ಗಾಳಿ ಬೇಡದ ಜೀವಿಗಳು ಮೇಲುಗೈ ಪಡೆದು ನಾತ ಶುರುವಾಗುತ್ತದೆ.

ಶಾಖದ ಮೆಟ್ಟಿಲು, ಜೀವಿಗಳ ಸರದಿ

ಈ ಗಾಳಿ, ನೀರು, ಇಂಗಾಲವನ್ನೆಲ್ಲ ಬಳಸುವವರು ಯಾರು? ಕಾಂಪೋಸ್ಟ್ ರಾಶಿಯ ಒಂದು ಗ್ರಾಂನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ 10 ಕೋಟಿಯಿಂದ 1,000 ಕೋಟಿ. ನಡುವಿನ 100 ಕೋಟಿ ಎಂದು ಹಿಡಿದರೆ ಮೂರು ಟನ್‌ನಲ್ಲಿ 30 ಕೋಟಿ ಕೋಟಿ. ಇವೆಲ್ಲ ಒಂದೇ ಬಗೆಯವಲ್ಲ, ಒಂದೇ ಹೊತ್ತಿಗೆ ಕೆಲಸ ಮಾಡುವವೂ ಅಲ್ಲ.

*ಮೊದಲ ಒಂದೆರಡು ದಿನ, 40 ಡಿಗ್ರಿವರೆಗೆ.* ಸೊಪ್ಪಿನ ಸಕ್ಕರೆ, ಪಿಷ್ಟ, ಪ್ರೋಟೀನ್‌ಗಳನ್ನು ಸಾಧಾರಣ ಉಷ್ಣದ ಬ್ಯಾಕ್ಟೀರಿಯಾಗಳು ಗಬಗಬನೆ ಮುಗಿಸುತ್ತವೆ. ಹುಳಿ ಹುಟ್ಟಿ ಪಿ.ಎಚ್. ಸ್ವಲ್ಪ ಇಳಿಯುತ್ತದೆ. ಇವು ಹುಟ್ಟಿಸಿದ ಶಾಖವೇ ಇವನ್ನು ಕೊಲ್ಲುತ್ತದೆ.

*45ರಿಂದ 60 ಡಿಗ್ರಿ.* ಬಿಸಿ ಒಲಿದ ಬ್ಯಾಸಿಲಸ್ ಕುಲದವು ತುಂಬಿಕೊಳ್ಳುತ್ತವೆ. ಜೊತೆಗೆ ಥರ್ಮೋಬಿಫಿಡಾ ಫಸ್ಕಾದಂಥ ಆಕ್ಟಿನೋಮೈಸೀಟ್‌ಗಳು, ಥರ್ಮೋಮೈಸಿಸ್ ಲಾನುಜಿನೋಸಸ್‌ನಂಥ ಶಿಲೀಂಧ್ರಗಳು. ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಕತ್ತರಿಸುವ ಕಿಣ್ವಗಳನ್ನು ಸುರಿಸುವುದು ಮುಖ್ಯವಾಗಿ ಈ ತಂಡ. ಶಿಲೀಂಧ್ರಗಳು ಬೆಳೆಯಬಲ್ಲ ಗಡಿ 60–62 ಡಿಗ್ರಿ. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಅಷ್ಟು ಶಾಖದಲ್ಲಿ ಬೆಳೆಯುವವು ತೀರಾ ಅಪರೂಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಹೇಶ್ವರಿ ಮತ್ತು ಸಂಗಡಿಗರು ಇವನ್ನು ದೀರ್ಘಕಾಲ ಅಭ್ಯಸಿಸಿದರು. 2000ರಲ್ಲಿ ಅವರು ಪ್ರಕಟಿಸಿದ ವಿಮರ್ಶಾ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ಆಧಾರವಾಗಿ ಬಳಸುತ್ತಾರೆ.

*65 ಡಿಗ್ರಿ ಮೀರಿದರೆ.* ಶಿಲೀಂಧ್ರಗಳು ನಿಲ್ಲುತ್ತವೆ, ಬ್ಯಾಕ್ಟೀರಿಯಾ ಬಗೆಗಳೂ ಕಡಿಮೆಯಾಗುತ್ತವೆ. ಬಿಸಿನೀರಿನ ಬುಗ್ಗೆಗಳಲ್ಲಿ ಕಾಣುವ ಥರ್ಮಸ್ ಕುಲದವು ಉಳಿಯುತ್ತವೆ. ರಾಶಿ 75 ಮುಟ್ಟಿತೆಂದು ಹೆಮ್ಮೆಪಡಬೇಕಾದ್ದಿಲ್ಲ. ಕೆಲಸಗಾರರು ಕಡಿಮೆಯಾದರು, ಅಮೋನಿಯಾ ಹೆಚ್ಚು ಹಾರಿತು ಎಂದಷ್ಟೇ ಅದರ ಅರ್ಥ. ಸ್ಟ್ರೆಪ್ಟೋಮೈಸಿನ್‌ಗಾಗಿ 1952ರಲ್ಲಿ ನೊಬೆಲ್ ಪಡೆದ ಸೆಲ್ಮನ್ ವ್ಯಾಕ್ಸ್‌ಮನ್ 1939ರಲ್ಲೇ ಬೇರೆ ಬೇರೆ ಶಾಖದಲ್ಲಿ ಲಾಯದ ಗೊಬ್ಬರ ಕೊಳೆಸಿ ನೋಡಿದ್ದರು. 75ಕ್ಕಿಂತ 50 ಡಿಗ್ರಿಯಲ್ಲಿ ಕೊಳೆತ ಚುರುಕಾಗಿತ್ತು.

ಎಂಟನೇ ದಿನದ ಹೊತ್ತಿಗೆ ರಾಶಿಯ ಬದಿಯನ್ನು ಸಲಿಕೆಯಿಂದ ಬಿಡಿಸಿದರೆ ಈ ಸರದಿ ಕಣ್ಣಿಗೇ ಕಾಣುತ್ತದೆ. ಹೊರಗಿನ ನಾಲ್ಕು ಬೆರಳು ತರಗು ಒಣಗಿ ಹಳದಿಯಾಗಿಯೇ ಇರುತ್ತದೆ. ಗೇಣು ಆಳದಲ್ಲಿ ಗರಿಗಳ ಮೇಲೆಲ್ಲ ಬೂದಿ ಎರಚಿದಂತೆ ಬಿಳಿ ಪುಡಿ. ಅದು ಆಕ್ಟಿನೋಮೈಸೀಟ್‌ಗಳ ಬೆಳವಣಿಗೆ. ಇನ್ನೂ ಒಳಗೆ ಕಂದು ಬಣ್ಣ, ತೇವ, ಮುಖಕ್ಕೆ ಹಬೆ. ಅಲ್ಲಿಂದ ಒಂದು ಗರಿ ಎಳೆದರೆ ಅಂಚು ಬೆರಳಲ್ಲೇ ಹರಿದು ಬರುತ್ತದೆ, ನಡುದಿಂಡು ಮಾತ್ರ ಹರಿಯದು.

ದಿಂಡು ಹರಿಯದಿರಲು ಕಾರಣ ಲಿಗ್ನಿನ್. 900 ಕೆ.ಜಿ. ಒಣ ತರಗಿನಲ್ಲಿ ಸುಮಾರು 360 ಕೆ.ಜಿ. ಸೆಲ್ಯುಲೋಸ್, 225 ಕೆ.ಜಿ. ಹೆಮಿಸೆಲ್ಯುಲೋಸ್, 180 ಕೆ.ಜಿ. ಲಿಗ್ನಿನ್, ಉಳಿದದ್ದು ಬೂದಿ ಮತ್ತು ಕರಗುವ ಪದಾರ್ಥ. ಹೆಮಿಸೆಲ್ಯುಲೋಸ್ ಮೊದಲು ಕರಗುತ್ತದೆ, ಸೆಲ್ಯುಲೋಸ್ ನಿಧಾನ, ಲಿಗ್ನಿನ್‌ನ ಹೆಚ್ಚಿನ ಪಾಲು ಬಿಸಿ ಹಂತದಲ್ಲಿ ಕರಗುವುದೇ ಇಲ್ಲ. ಲಿಗ್ನಿನ್ ತಿನ್ನುವುದರಲ್ಲಿ ನಿಪುಣವಾದ ಬಿಳಿಕೊಳೆ ಶಿಲೀಂಧ್ರಗಳಿಗೆ ಈ ಶಾಖ ತಡೆಯದು. ಆದ್ದರಿಂದ ಬಿಸಿ ಇಳಿದ ಮೇಲೆ ಒಂದೆರಡು ತಿಂಗಳು ರಾಶಿಯನ್ನು ನೆರಳಲ್ಲಿ ಮಾಗಲು ಬಿಡುವುದು ಅಗತ್ಯದ ಕೆಲಸ. ಉಳಿದ ಲಿಗ್ನಿನ್ ನಷ್ಟವಲ್ಲ. ಮಣ್ಣಿನಲ್ಲಿ ಬಹುಕಾಲ ಬಾಳುವ ಹ್ಯೂಮಸ್‌ಗೆ ಅದೇ ಮೂಲಸಾಮಗ್ರಿ.

ಪೊಟ್ಟಣದ ಜೀವಿಗಳು ಬೇಕೇ?

ಕೊಳೆಸುವ ಜೀವಿಗಳೆಂದು ಪೊಟ್ಟಣ, ಬಾಟಲಿಗಳು ಮಾರಾಟವಾಗುತ್ತವೆ. ಜೈವಿಕ ಗೊಬ್ಬರದ ಪುಡಿಗಳಿಗೆ ಕಾನೂನು ವಿಧಿಸಿರುವ ಕನಿಷ್ಠ ಮಟ್ಟ ಗ್ರಾಂಗೆ 5 ಕೋಟಿ ಜೀವಕೋಶ. ಅದನ್ನೇ ಅಳತೆಗೋಲಾಗಿ ಹಿಡಿದರೆ ಒಂದು ಕೆ.ಜಿ. ಪುಡಿಯಲ್ಲಿ 5,000 ಕೋಟಿ. ಒಂದು ಟನ್ ಸಗಣಿಯಲ್ಲಿ, ಗ್ರಾಂಗೆ 100 ಕೋಟಿಯಂತೆ, 10 ಕೋಟಿ ಕೋಟಿ. ಇಪ್ಪತ್ತು ಸಾವಿರಕ್ಕೆ ಒಂದು! ಬಿಸಿ ಒಲಿದ ಜೀವಿಗಳ ಬೀಜಕಗಳು ಸಗಣಿಯಲ್ಲೂ ತರಗಿನಲ್ಲೂ ಮಣ್ಣಿನಲ್ಲೂ ಮೊದಲೇ ಇರುತ್ತವೆ. ಅವು ಕಾಯುವುದು ಶಾಖಕ್ಕೆ. ಹಳೆಯ ರಾಶಿಯ ಒಂದೆರಡು ಮಂಕರಿ ಗೊಬ್ಬರ ಬೆರೆಸಿದರೆ ಇನ್ನೂ ಒಳ್ಳೆಯದು, ಅದಕ್ಕೆ ದುಡ್ಡಿಲ್ಲ.

ಲಿಗ್ನಿನ್ ಶೇ 30ರಷ್ಟಿರುವ ತೆಂಗಿನ ನಾರಿನ ಪುಡಿಯಂಥ ಸಾಮಗ್ರಿಗೆ ಅಣಬೆ ಬೀಜ ಬೆರೆಸುವುದಕ್ಕೆ ಅರ್ಥವಿದೆ. ಅಲ್ಲಿ ತಂಪು ಹಂತದ ಶಿಲೀಂಧ್ರವೇ ಮುಖ್ಯ ಕೆಲಸಗಾರ. ಸಗಣಿ ಬೆರೆತ ತರಗಿನ ಬಿಸಿ ರಾಶಿಗೆ ಆ ಖರ್ಚು ಬೇಡ. ಅದೇ ದುಡ್ಡಿನಲ್ಲಿ ಒಂದು ಆಳು ಹೆಚ್ಚು ಹಿಡಿದು ಸರಿಯಾಗಿ ಬೆರೆಸುವುದು ಮೇಲು.

ಐದು ಸಲ ಏಕೆ?

ಮಗುಚುವುದೇ ದೊಡ್ಡ ಖರ್ಚು. ಹಾಗಿದ್ದರೂ ಐದು ಸಲ ಎಂಬ ಶಿಫಾರಸು ಬಂದದ್ದು ಎಲ್ಲಿಂದ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಲ್ಲಿ, ಚರಂಡಿ ಕೆಸರನ್ನು ಬಯಲು ರಾಶಿಯಲ್ಲಿ ಕಾಂಪೋಸ್ಟ್ ಮಾಡುವಾಗ 55 ಡಿಗ್ರಿ ಅಥವಾ ಹೆಚ್ಚಿನ ಶಾಖ 15 ದಿನ ಇರಬೇಕು, ಆ ಅವಧಿಯಲ್ಲಿ ಕನಿಷ್ಠ 5 ಸಲ ಮಗುಚಬೇಕು. ಸಾಲ್ಮೊನೆಲ್ಲಾ 55 ಡಿಗ್ರಿಯಲ್ಲಿ ಒಂದು ಗಂಟೆ, 60 ಡಿಗ್ರಿಯಲ್ಲಿ 15–20 ನಿಮಿಷದಲ್ಲಿ ಸಾಯುತ್ತದೆ. ಹಾಗಾದರೆ 15 ದಿನ ಬೇಕಾದ್ದೇಕೆ? ಉತ್ತರ ರಾಶಿಯ ಆಕಾರದಲ್ಲಿದೆ.

ಹೊರಗಿನ 20 ಸೆಂಟಿಮೀಟರ್ ಸಿಪ್ಪೆ ಸಾಕಷ್ಟು ಕಾಯುವುದಿಲ್ಲ ಎಂದುಕೊಳ್ಳಿ. 10 ಘನ ಮೀಟರ್ ರಾಶಿಯಲ್ಲಿ ಬಿಸಿಯಾಗುವ ಒಡಲು 1.6 × 1.1 × 2.9 = 5.1 ಘನ ಮೀಟರ್. ಉಳಿದ ಅರ್ಧ ತಂಪು ಸಿಪ್ಪೆ! ಪ್ರತಿ ಸಲ ಕಣ್ಣುಮುಚ್ಚಿ ಬೆರೆಸಿದರೆ ಯಾವುದೇ ಹಿಡಿ ಕಸ ಹೊರಗುಳಿಯುವ ಸಾಧ್ಯತೆ ಅರ್ಧ. ಎರಡು ಸಲ ಮಗುಚಿದ ರಾಶಿಯಲ್ಲಿ ಒಮ್ಮೆಯೂ ಬಿಸಿ ಕಾಣದ ಪಾಲು ಎಂಟರಲ್ಲಿ ಒಂದು, ಶೇ 12.5. ಐದು ಸಲ ಮಗುಚಿದರೆ ಅರವತ್ತನಾಲ್ಕರಲ್ಲಿ ಒಂದು, ಶೇ 1.6. ಹೊರಗಿನದನ್ನು ನೋಡಿಕೊಂಡೇ ಒಳಗೆ ಹಾಕುವ ಆಳಿದ್ದರೆ ಕಡಿಮೆ ಸಲದಲ್ಲೇ ಇದು ಸಾಧ್ಯ.

ಚಿಕ್ಕ ರಾಶಿ ಏಕೆ ಸೋಲುತ್ತದೆ ಎನ್ನುವುದೂ ಇದರಲ್ಲೇ ಇದೆ. ಒಂದು ಮೀಟರ್ ಘನದ ರಾಶಿಯಲ್ಲಿ ಬಿಸಿ ಒಡಲು 0.6 × 0.6 × 0.6 = 0.22 ಘನ ಮೀಟರ್, ಐದರಲ್ಲಿ ಒಂದು ಪಾಲು. ಅದಕ್ಕಿಂತ ಚಿಕ್ಕದಾದರೆ ಬಿಸಿಯ ಮಾತೇ ಬೇಡ.

ಖರ್ಚು

ಆಳಿಗೆ ದಿನಕ್ಕೆ 500 ರೂ. ಎಂದು ಹಿಡಿದಿದೆ. 2025–26ಕ್ಕೆ ಕರ್ನಾಟಕದ ನರೇಗಾ ಕೂಲಿ 370 ರೂ.; ಹೊಲದ ಕೆಲಸಕ್ಕೆ ಆ ದರದಲ್ಲಿ ಆಳು ಸಿಗುವುದು ಕಷ್ಟ.

- ತರಗು ಒಟ್ಟುಮಾಡಿ ಹೊರುವುದು, 2 ಆಳು: 1,000 ರೂ.
- ಸೊಪ್ಪು ಕೊಯ್ಯುವುದು, 3 ಆಳು: 1,500 ರೂ.
- ಬೆರೆಸಿ ರಾಶಿ ಹಾಕುವುದು, 2 ಆಳು: 1,000 ರೂ.
- 5 ಸಲ ಮಗುಚುವುದು, 5 ಆಳು: 2,500 ರೂ.
- ಸಗಣಿ, ಕೆ.ಜಿ.ಗೆ 1 ರೂಪಾಯಿಯಂತೆ: 1,000 ರೂ.
- ಯೂರಿಯಾ: 60 ರೂ.
- ಒಟ್ಟು: 7,060 ರೂ.

ಒಣ ತೂಕ 1,350ರಿಂದ 700 ಕೆ.ಜಿ.ಗೆ ಇಳಿಯುತ್ತದೆ. ಶೇ 30 ತೇವ ಸೇರಿಸಿ 1,000 ಕೆ.ಜಿ. ಗೊಬ್ಬರ. ಕೆ.ಜಿ.ಗೆ 7 ರೂಪಾಯಿ ಚಿಲ್ಲರೆ. ಖರ್ಚಿನಲ್ಲಿ 6,000 ರೂ. ಕೂಲಿಯೇ, ಶೇ 85. ಮನೆಯವರೇ ದುಡಿದು ಸಗಣಿಯೂ ಕೊಟ್ಟಿಗೆಯದೇ ಆದರೆ ಕೈಯಿಂದ ಹೋಗುವ ನಗದು 60 ರೂಪಾಯಿ.

ಈಗ ಆದಾಯದ ಕಡೆ. ಐದರಲ್ಲೊಂದು ಪಾಲು ಸಾರಜನಕ ಹಾರಿಹೋಗಿ 15.4 ಕೆ.ಜಿ. ಉಳಿಯಿತು ಎನ್ನೋಣ. ಯೂರಿಯಾ ದರದಲ್ಲಿ ಕೆ.ಜಿ.ಗೆ 12.90 ರೂ., ಒಟ್ಟು 198 ರೂ. ರಂಜಕ 4.5 ಕೆ.ಜಿ.; ಚೀಲಕ್ಕೆ 1,350 ರೂ. ಇರುವ ಡಿಎಪಿ ಲೆಕ್ಕದಲ್ಲಿ 242 ರೂ. ಪೊಟ್ಯಾಷ್ 13 ಕೆ.ಜಿ.; ಎಂಒಪಿ ಚೀಲಕ್ಕೆ 1,500 ರೂ. ಎಂದರೆ 650 ರೂ. ಮೊತ್ತ 1,090.

ತರಗಿಗೆ ಬೆಂಕಿ ಇಟ್ಟರೆ ಹೋಗುವ ಸಾರಜನಕ 3.6 ಕೆ.ಜಿ., ಯೂರಿಯಾ ದರದಲ್ಲಿ 46 ರೂಪಾಯಿ. ಒಂದು ಬೆಂಕಿಕಡ್ಡಿ ಉಳಿಸುವ ಕೂಲಿಯ ಮುಂದೆ 46 ರೂಪಾಯಿ ಯಾರ ಲೆಕ್ಕಕ್ಕೆ ಬರುತ್ತದೆ? ಸಬ್ಸಿಡಿ ಕಟ್ಟಿದ ಬೆಲೆಯಲ್ಲಿ ಅಳೆಯುವವರೆಗೆ ಬೆಂಕಿಯೇ ಗೆಲ್ಲುತ್ತದೆ. ಬೆಂಕಿಯಲ್ಲಿ ಹೋಗುವ 405 ಕೆ.ಜಿ. ಇಂಗಾಲಕ್ಕೆ ಯಾವ ಅಂಗಡಿಯಲ್ಲೂ ದರಪಟ್ಟಿ ಇಲ್ಲ. ಒಂದು ಎಕರೆಯ ಮೇಲ್ಪದರ, 15 ಸೆಂಟಿಮೀಟರ್ ಆಳದ ಮಣ್ಣು, ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ ಎನ್ನುತ್ತಾರೆ. ನಮ್ಮ ಒಂದು ಟನ್ ಗೊಬ್ಬರ ಕೊಡುವ 297 ಕೆ.ಜಿ. ಇಂಗಾಲ ಅದನ್ನು ಶೇ 0.033ರಷ್ಟು ಏರಿಸುತ್ತದೆ, ಅದರಲ್ಲೂ ಒಂದು ಪಾಲು ಮುಂದಿನ ವರ್ಷಕ್ಕೆ ಉಳಿಯದು. ಪವಾಡವಿಲ್ಲ. ವರ್ಷ ವರ್ಷ ಹಾಕುತ್ತ ಹೋದರೆ ಮಾತ್ರ ಏರುತ್ತದೆ, ವರ್ಷ ವರ್ಷ ಸುಡುತ್ತ ಹೋದರೆ ಖಂಡಿತ ಇಳಿಯುತ್ತದೆ.

ಮೂರು ಪದ್ಧತಿ, ಮೂರು ಬೆಲೆ

ಕೂಲಿ ಮತ್ತು ಸಮಯ ಒಂದಕ್ಕೊಂದು ಬದಲಿ ಎನ್ನುವುದನ್ನು ಹಳೆಯ ಪದ್ಧತಿಗಳೇ ತೋರಿಸುತ್ತವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಪದ್ಧತಿಯಲ್ಲಿ 18 ದಿನ. ಮೊದಲ ನಾಲ್ಕು ದಿನ ಬಿಟ್ಟು, ಆಮೇಲೆ ದಿನ ಬಿಟ್ಟು ದಿನ ಮಗುಚಿದರೆ 7 ಸಲ, 3,500 ರೂ. ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಇಂದೋರ್ ಪದ್ಧತಿಯಲ್ಲಿ ಮೂರು ತಿಂಗಳು, 3 ಸಲ, 1,500 ರೂ. ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಗುಂಡಿ ತುಂಬಿ ಮಣ್ಣು ಮೆತ್ತಿದರೆ ಮಗುಚುವ ಖರ್ಚು ಸೊನ್ನೆ, ಆದರೆ ಆರರಿಂದ ಎಂಟು ತಿಂಗಳು ಬೇಕು. ಅಲ್ಲಿ ಮೊದಲ ಕೆಲವು ದಿನಗಳ ಬಿಸಿ ಬಿಟ್ಟರೆ ಉಳಿದ ಕೊಳೆತವೆಲ್ಲ ಗಾಳಿಯ ಕೊರತೆಯಲ್ಲಿ ನಿಧಾನ ನಡೆಯುತ್ತದೆ.

ಕಬ್ಬಿನ ರೈತನಿಗೆ ಹೊಂದುವುದು ನಡುವಿನ ದಾರಿ. ಗದ್ದೆಯ ಮೂಲೆಯಲ್ಲೇ ರಾಶಿ ಹಾಕಿದರೆ ಸಾಗಣೆ 500 ರೂ. ಸೊಪ್ಪು ಅರ್ಧ ಟನ್‌ಗೆ ಇಳಿಸಿದರೆ 750 ರೂ.; ಕೊರತೆ ತುಂಬಲು ಯೂರಿಯಾ 15 ಕೆ.ಜಿ., 90 ರೂ. ಅನುಪಾತ 30:1ರಲ್ಲೇ ಉಳಿಯುತ್ತದೆ, ಮೊದಲ ದಿನ 220 ಲೀಟರ್ ನೀರು ಹೆಚ್ಚು ಬೇಕು. ದಂಟಿನ ಕಟ್ಟು ನಿಲ್ಲಿಸಿ ಎರಡೇ ಸಲ ಮಗುಚಿದರೆ 1,000 ರೂ. ರಾಶಿ ಹಾಕಲು 1,000, ಸಗಣಿಗೆ 1,000. ಒಟ್ಟು 4,340 ರೂ., ಗೊಬ್ಬರ ಸುಮಾರು 900 ಕೆ.ಜಿ.; ಕೆ.ಜಿ.ಗೆ 4 ರೂ. 80 ಪೈಸೆ. ಮೊದಲಿನದಕ್ಕಿಂತ ಮೂರನೇ ಒಂದು ಭಾಗ ಅಗ್ಗ.

ಈ ಗೊಬ್ಬರ ಹೊಲಕ್ಕೆ ಸರಿ. ಸಸಿಮಡಿಗೆ, ಹಸಿಯಾಗಿ ತಿನ್ನುವ ತರಕಾರಿಗೆ, ಕಳೆಬೀಜ ಹೆಚ್ಚಿರುವ ಕಸಕ್ಕೆ ಐದು ಸಲ ಮಗುಚುವುದನ್ನು ಬಿಡಬಾರದು. ಅಲ್ಲಿ ಶೇ 12.5 ಮತ್ತು ಶೇ 1.6ರ ವ್ಯತ್ಯಾಸವೇ ಮುಖ್ಯ. ಇನ್ನು ಕೂಳೆ ಬೆಳೆ ಬಿಡುವ ಗದ್ದೆಯಾದರೆ ತರಗನ್ನು ಸಾಲು ಬಿಟ್ಟು ಸಾಲಿಗೆ ಹೊದಿಕೆಯಾಗಿ ಹಾಸುವುದೇ ಎಲ್ಲಕ್ಕಿಂತ ಅಗ್ಗ, ನೀರೂ ಉಳಿಯುತ್ತದೆ.

ಎಕರೆಗೆ ಮೂರು ನಾಲ್ಕು ಟನ್ ತರಗು ಬೀಳುತ್ತದೆ. ಅಗ್ಗದ ದಾರಿಯಲ್ಲೂ ಮೂರು ಟನ್‌ಗೆ 13,000 ರೂಪಾಯಿ ಖರ್ಚು. ಇಷ್ಟನ್ನು ರೈತನೊಬ್ಬನ ಹೆಗಲಿಗೆ ಹೊರಿಸಿ ಬೆಂಕಿ ಹಚ್ಚಬೇಡ ಎನ್ನುವುದು ನ್ಯಾಯವಲ್ಲ. ನಗರದ ಕಸದ ಕಾಂಪೋಸ್ಟ್‌ಗೆ 2016ರಲ್ಲಿ ಕೇಂದ್ರ ಸರ್ಕಾರ ಟನ್‌ಗೆ 1,500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿತು. 2023ರಲ್ಲಿ ಜೈವಿಕ ಅನಿಲ ಘಟಕಗಳ ಸಾವಯವ ಗೊಬ್ಬರಕ್ಕೂ ಅದೇ 1,500 ರೂಪಾಯಿ ಕೊಡಲು ಒಪ್ಪಿತು. ಎರಡೂ ಘಟಕದಿಂದ ಮಾರುಕಟ್ಟೆಗೆ ಬರುವ ಗೊಬ್ಬರಕ್ಕೆಂದೇ ಘೋಷಿಸಿದ ನೆರವು. ತನ್ನ ಗದ್ದೆಯ ತರಗನ್ನು ತನ್ನದೇ ಗದ್ದೆಯಲ್ಲಿ ಕೊಳೆಸುವವನ ಗೊಬ್ಬರ ಮಾರುಕಟ್ಟೆಗೇ ಬರುವುದಿಲ್ಲ, ಹಾಗಾಗಿ ಆ ಲೆಕ್ಕದಲ್ಲಿ ಅವನಿಲ್ಲ. 1,500 ರೂಪಾಯಿ ಎಂದರೆ ಮೂರು ಆಳಿನ ಕೂಲಿ. ಎರಡು ಸಲ ಮಗುಚುವುದಕ್ಕೂ ಸಾಗಣೆಗೂ ಸರಿಯಾಗಿ ಅಷ್ಟೇ ತಗಲುತ್ತದೆ. ಅದನ್ನು ಗದ್ದೆಯ ಮೂಲೆಯ ರಾಶಿಗೂ ಕೊಟ್ಟರೆ 4,340 ಎನ್ನುವುದು 2,840ಕ್ಕೆ ಇಳಿಯುತ್ತದೆ; ಸಗಣಿ ಮನೆಯದೇ ಆದರೆ 1,840ಕ್ಕೆ. ಸಾಮಗ್ರಿ ಗದ್ದೆಯಲ್ಲೇ ಇದೆ, ಜೀವಿಗಳು ಸಗಣಿಯಲ್ಲೇ ಇವೆ, ಶಾಖವನ್ನು ಅವೇ ಹುಟ್ಟಿಸಿಕೊಳ್ಳುತ್ತವೆ, ಗಾಳಿ ತಾನೇ ಬರುತ್ತದೆ. ಸರ್ಕಾರ ಕೊಡಬೇಕಾದ್ದು ಆ ಮೂರು ಆಳಿನ ಕೂಲಿ.